ಹಿಮವಿಲ್ಲದ ಬೆಟ್ಟಕ್ಕೆ ಸಂಕ್ರಾಂತಿ ಪಿಕ್ನಿಕ್

“ಹತ್ತನೇ ಕ್ಲಾಸೂ ದಾಟದವನ ಕೈಗೆ ಪಿಕ್ನಿಕ್ ಕೊಟ್ರೆ ಇನ್ನೇನಾಗತ್ತೆ? ಜನವರಿ ಬೇಸಿಗೇಲಿ ಸ್ಕೀ ಮಾಡೋ ಊರಂತೆ! ಸ್ನೋ ಎಲ್ಲಿಂದ ತರ್ತೀಯೋ, ನಿನ್ನ ಗೋಡೌನ್ ಫ್ರೀಜರಿಂದಾ?”

ಮೆಲ್ಬರ್ನಿನ ಡ್ಯಾಂಡಿನಾಂಗ್ ಸ್ಟೇಷನ್ ಎದುರು, ಬಸ್ಸು ತುಂಬ ಜನರ ಮುಂದೆ ರಾಜಣ್ಣ ಹೀಗೆಂದಾಗ ಬಸ್ಸಿಗೆ ಬಸ್ಸೇ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ತೇಜಸ್. ಅವನು ರಾಜಣ್ಣನ ಗೆಳೆಯನ ಮಗ. ಸಿಡ್ನಿಯ ಗಿರಾವೀನ್‌ನಲ್ಲಿ ಸ್ವಂತ ಮನೆ, ಐಟಿ ಕೆಲಸ. ಹಬ್ಬಕ್ಕೆಂದು ಮೆಲ್ಬರ್ನಿಗೆ ಬಂದಿದ್ದ.

ಗೋಡೌನಿನಲ್ಲಿ ಕೆಲಸಕ್ಕಿದ್ದು, ಈ ಪಿಕ್ನಿಕ್ ಏರ್ಪಡಿಸಿದ್ದ ಸುಕೇಶನ ಮೈ ಉರಿಯಿತು. ಬೇರೆ ಯಾರಾದರೂ ಆಗಿದ್ದರೆ ಉಡುಪಿ ಬಸ್‌ಸ್ಟ್ಯಾಂಡಿನ ಬೈಗುಳಗಳನ್ನೆಲ್ಲ ಅಲ್ಲೇ ಸುರಿಯುತ್ತಿದ್ದ. ಆದರೆ ರಾಜಣ್ಣನ ಮಗಳು ನವ್ಯಾಳನ್ನು ಮದುವೆಯಾಗುವ ಆಸೆ ಅವನಿಗೆ. ಅವಳನ್ನು ಕೇಳಿದ್ದಕ್ಕೆ, “ಅಪ್ಪ ಒಪ್ಪಿದ್ರೆ ನಂಗೂ ಓಕೆ” ಅಂದಿದ್ದಳು. ಅಪ್ಪನನ್ನು ಇವತ್ತೇ ಕೇಳಬೇಕಿತ್ತು.

“ಆ ಊರು ವರ್ಷವಿಡೀ ಚಂದ ಉಂಟು ಅಂಕಲ್. ಮೊದ್ಲು ನೋಡಿ, ಮತ್ತೆ ಬೈಯಿರಿ” ಎಂದು ಹಲ್ಲು ಕಚ್ಚಿಕೊಂಡು ಬಸ್ಸು ಹತ್ತಿದ.

ದಾರಿಯಲ್ಲಿ ಎ.ಸಿ. ಕೆಟ್ಟಿತು. ಸ್ಕೀ ಊರೆಂದು ಕೇಳಿ ಸ್ವೆಟರ್, ಮಂಕಿಕ್ಯಾಪ್ ಹಾಕಿಕೊಂಡು ಬಂದಿದ್ದ ಅಹಲ್ಯಾ ಆಂಟಿ ಹಬೆಯಲ್ಲಿಟ್ಟ ಕಡುಬಿನಂತೆ ಬೆಂದರು. “ಸ್ನೋ ಅಂದು ಬೇಯಿಸ್ತಿದೀಯಲ್ಲೋ!” ತಿರುವಿಗೊಬ್ಬರು ವಾಂತಿ ಮಾಡಿದರು, ಬಾಯಿ ಒರೆಸಿಕೊಂಡು ಸುಕೇಶನನ್ನೇ ಬೈದರು. ದರಿದ್ರ ಜನ.

ಬೆಟ್ಟದ ಊರಲ್ಲಿ ಇಳಿದರೆ ತಣ್ಣನೆ ಗಾಳಿ. ಚಳಿಗಾಲದಲ್ಲಿ ಜನ ಸ್ಕೀಯಲ್ಲಿ ಜಾರುವ ಇಳಿಜಾರಿನ ತುಂಬ ಕಾಡುಹೂವು, ಸೈಕಲ್ ಓಡಿಸುವವರು. ಬೈದ ಬಾಯಿಗಳೆಲ್ಲ ಪುಳಿಯೋಗರೆ ತಿನ್ನುತ್ತ ಸುಮ್ಮನಾದವು.

ತುದಿಗೆ ಹೋಗಲು ತೂಗುಕುರ್ಚಿಯ ಲಿಫ್ಟು. ಕುರ್ಚಿಗೆ ಇಬ್ಬರು. ಸುಕೇಶ ಉಪಾಯವಾಗಿ ನವ್ಯಾಳ ಪಕ್ಕದಲ್ಲೇ ಸರದಿ ನಿಂತಿದ್ದ. ಹಿಂದಿದ್ದ ರಾಜಣ್ಣ ತೂಗಾಡುವ ಕುರ್ಚಿ ಕಂಡು ಅವನ ಅಂಗಿ ಹಿಡಿದೆಳೆದರು.

“ಲೇ ಸುಕೇಶ, ನನ್ ಜೊತೆ ಬಾರೋ! ಕರ್ಕೊಂಡು ಬಂದವ್ನು ನೀನು. ಬಿದ್ರೆ ನೀನೂ ಬೀಳು!”

ಖಾಲಿಯಾದ ಜಾಗಕ್ಕೆ ತೇಜಸ್ ನುಗ್ಗಿದ.

ಮರಿಕೋತಿಯಂತೆ ತನ್ನನ್ನು ತಬ್ಬಿಕೊಂಡಿದ್ದ ರಾಜಣ್ಣನಿಗೆ ಸುಕೇಶ ಧೈರ್ಯ ತಂದುಕೊಂಡು ಹೇಳಿದ: “ಅಂಕಲ್, ನವ್ಯಾಳ ಮದುವೆ ವಿಷಯ...”

ರಾಜಣ್ಣ ಒಂದೇ ಕಣ್ಣು ತೆರೆದು ಮುಂದೆ ನೋಡಿದರು. “ನಾನೂ ಅದನ್ನೇ ಯೋಚಿಸ್ತಿದೀನಿ ಕಣೋ. ಮೇಲೆ ಹೋಗಿ ಹೇಳ್ತೀನಿ.”

ಸುಕೇಶನ ಸಿಟ್ಟೆಲ್ಲ ಇಳಿದುಹೋಯಿತು.

ತುದಿಯಲ್ಲಿ ರಾಜಣ್ಣ ಎಲ್ಲರನ್ನೂ ಸೇರಿಸಿದರು. “ಬೇಸಿಗೇಲೇ ಹಿಂಗಿದ್ರೆ ಜುಲೈ ಸ್ನೋದಲ್ಲಿ ಹೆಂಗಿರಬೇಡ! ನವ್ಯಾ ಎಂಗೇಜ್‌ಮೆಂಟ್ ಇಲ್ಲೇ. ಹುಡುಗನ್ನ ಲಿಫ್ಟಲ್ಲೇ ಒಪ್ಕೊಂಡೆ.”

ಸುಕೇಶ ಕಾಲರ್ ಸರಿಮಾಡಿಕೊಂಡ.

“ಮುಂದಿನ ಕುರ್ಚೀಲಿ ಇಬ್ರೂ ಎಷ್ಟು ಚೆನ್ನಾಗಿ ಕಾಣ್ತಿದ್ರು!” ಎಂದು ರಾಜಣ್ಣ ತೇಜಸ್‌ನ ಹೆಗಲ ಮೇಲೆ ಕೈ ಹಾಕಿದರು.

ನವ್ಯಾ ನಾಚಿದಳು. “ಅಪ್ಪ ಒಪ್ಪಿದ್ರೆ ನಂಗೂ ಓಕೆ.”

“ಸುಕೇಶ, ನೀನು ದಡ್ಡ ಅಲ್ಲ ಕಣೋ. ಫಂಕ್ಷನ್ ಹಾಲ್, ಬಸ್ಸು, ಊಟ ಎಲ್ಲಾ ನೀನೇ ಬುಕ್ ಮಾಡ್ಬಿಡು. ಏನಂತೀಯ?”

ಸುಕೇಶ ಲಿಫ್ಟಿಗೆ ಬೆನ್ನು ಹಾಕಿ, ಕಾಲುದಾರಿ ಹಿಡಿದು ದಡದಡನೆ ಇಳಿಯತೊಡಗಿದ.

“ಲೇ, ಎಲ್ಲಿಗೋ? ಇಳಿಯೋವಾಗ ನನ್ನನ್ನ ಯಾರು ಹಿಡ್ಕೋತಾರೋ?”

ಸುಕೇಶ ತಿರುಗಿಯೂ ನೋಡಲಿಲ್ಲ.