ಹದಿನೆಂಟು ಫೂಟಿನ ತಾಡಪತ್ರಿ

ಕೆಲವರ ಹಿಂದೆ ಬೀದಿನಾಯಿ ಬೀಳುತ್ತದೆ, ಕೆಲವರ ಹಿಂದೆ ಶನಿ ಬೀಳುತ್ತಾನೆ. ನನ್ನ ಹಿಂದೆ ಬಿದ್ದದ್ದು ಒಂದು ತಾಡಪತ್ರಿ, ಮಳೆಗೆ ಕಟ್ಟುವ ದಪ್ಪ ಅರಿವೆಯ ಟಾರ್ಪಾಲು. ಅದನ್ನು ಬಿಚ್ಚಿದಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತಿತ್ತು. ಇವತ್ತಿಗೂ ಅಂಗಡಿ ಮುಂದೆ ತಾಡಪತ್ರಿ ಜೋತುಬಿದ್ದದ್ದು ಕಂಡರೆ ನಾನು ಒಂದು ಸಲ ಮನಸ್ಸಿನಲ್ಲೇ ಕೈಮುಗಿದು ಮುಂದೆ ಹೋಗುತ್ತೇನೆ. ಯಾಕೆ ಅಂತ ಹೇಳುತ್ತೇನೆ ಕೇಳ್ರಿ.

ನಾಗಪುರ ಇನ್ನೂ ಹಳೇ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ಕಾಲ. ಸಿವಿಲ್ ಲೈನ್ಸಿನಲ್ಲಿ ನಮ್ಮ ಕಚೇರಿ, ಕಾಡುಮೇಡು ಅಳೆದು ನಕಾಶೆ ಮಾಡುವ ಕೆಲಸ. ಧಾರವಾಡದ ಕಡೆಯಿಂದ ಹೊಟ್ಟೆಪಾಡಿಗೆ ಹೋದ ನಾನು ಅಲ್ಲಿ ಕ್ಯಾಂಪ್ ಕಾರಕೂನ. ಅದೂ ಟೆಂಪರರಿ. ನಾಲ್ಕು ವರ್ಷದಿಂದ ಟೆಂಪರರಿ. ಆರು ತಿಂಗಳಿಗೊಮ್ಮೆ ಒಂದು ಚೀಟಿ ಬರುತ್ತಿತ್ತು, ಇನ್ನಾರು ತಿಂಗಳು ಇರಬಹುದು ಅಂತ. ಆ ಚೀಟಿ ಬರದಿದ್ದರೆ ಹೆಂಡತಿ, ಎರಡು ಮಕ್ಕಳು, ಗಂಟುಮೂಟೆ ಸಮೇತ ಊರ ಗಾಡಿ ಹತ್ತಬೇಕು. ನಮ್ಮ ಮಾವನವರು ಪ್ರತಿ ಕಾಗದದಲ್ಲೂ ಆಶೀರ್ವಾದಕ್ಕಿಂತ ಮೊದಲು 'ನೌಕರಿ ಕಾಯಂ ಆಯಿತೇ?' ಅಂತ ಕೇಳುತ್ತಿದ್ದರು. ನಾನು ಉತ್ತರದಲ್ಲಿ ನಾಗಪುರದ ಹವೆಯ ಬಗ್ಗೆ ಬರೆಯುತ್ತಿದ್ದೆ.

೧. ಸೇಠಜಿ ಕೆಳಗೆ ಕುಂತರು

ಆ ವರ್ಷ ಕ್ಯಾಂಪಿಗೆ ಹೊರಡುವ ಮುಂಚೆ ಹಳೇ ತಾಡಪತ್ರಿ ಬಿಚ್ಚಿ ನೋಡಿದರೆ, ಮಳೆಗಾಲದಲ್ಲಿ ಇಲಿಗಳು ಅದರಲ್ಲಿ ಮದುವೆ, ಮುಂಜಿವೆ ಎಲ್ಲ ಮುಗಿಸಿಕೊಂಡಿದ್ದವು. ಹೊಸದು ತರಲು ಸಾಹೇಬರು ನನ್ನನ್ನೇ ಕಳಿಸಿದರು. ನಮ್ಮ ಸಾಹೇಬರು ನೆಲದ ಮೇಲೆ ಮಲಗುವವರಲ್ಲ. ಕಾಮಠಿ ದಂಡಿನ ಪೇಟೆಯಲ್ಲಿ ಯುದ್ಧದ ಹಳೇ ಸಾಮಾನು ಮಾರುವಾಗ ಒಂದು ಬಲೆಯ ಜೋಲಿ ಕೊಂಡಿದ್ದರು. ಎರಡು ಗಿಡಕ್ಕೆ ಅದನ್ನು ಕಟ್ಟಿ ಅದರೊಳಗೆ ಮಲಗುತ್ತಿದ್ದರು. ಹಾಗಾಗಿ ತಾಡಪತ್ರಿ ಅವರ ಜೋಲಿಗೆ ಸಾಕಾಗುವಷ್ಟು ಉದ್ದ ಇರಬೇಕು, ಕೆಳಗೆ ನೆಲದ ಮೇಲೆ ಮಲಗುವ ನಮಗೆ ಸಾಕಾಗುವಷ್ಟು ಅಗಲ ಇರಬೇಕು, ಕ್ಯಾಂಪಿನ ಸಾಮಾನು ಹೊರುವ ಖಲಾಸಿ ಒಬ್ಬನೇ ಹೊರುವಷ್ಟು ಹಗುರ ಇರಬೇಕು. ಇಂಥದ್ದನ್ನು ಹುಡುಕುವುದಕ್ಕಿಂತ ಮಗಳಿಗೆ ವರ ಹುಡುಕುವುದು ಸಲೀಸು.

ಹೊರಡುವಾಗ ಹೆಂಡತಿ ಒಂದು ಮಾತು ಹೇಳಿದಳು. "ಕೊಡಾ ತಗೋಳಾಗ ನೀರ ಹಾಕಿ ನೋಡತೀವಿ. ಇದನ್ನೂ ನೀರ ಹಾಕಿ ನೋಡಿ ತರ್ರಿ."

ಇತವಾರಿ ಪೇಟೆಯ ಅಂಗಡಿಯಲ್ಲಿ ಸೇಠಜಿ ಹಾಲಿನಂಥ ಬಿಳಿ ಧೋತರ ಉಟ್ಟು ಗಾದಿಯ ಮೇಲೆ ಕುಂತಿದ್ದರು. ಮೊದಲು ಕೇಳಿದ್ದು, ಮಲಗುವುದು ಮೇಲೋ ಕೆಳಗೋ ಅಂತ. ಎರಡೂ ಅಂದೆ. ಅವರು ನನ್ನನ್ನು ಕರುಣೆಯಿಂದ ನೋಡಿ ಮೂರು ಥರದ್ದು ಬಿಡಿಸಿದರು. ದಪ್ಪಂದು ಸೋರುವುದಿಲ್ಲ, ಆದರೆ ಹೊರುವವನು ಎರಡನೇ ದಿನ ಓಡಿಹೋಗುತ್ತಾನೆ ಅಂದರು. ತೆಳುವಾದ್ದನ್ನು ಬಿಸಿಲಿಗೆ ಹಿಡಿದು ತೋರಿಸಿದರು, ಹಗಲಿನಲ್ಲೇ ಚುಕ್ಕಿ ಕಂಡವು. ನಡುವಿನದು ಹದಿನೆಂಟು ಫೂಟು ಉದ್ದ, ಹನ್ನೆರಡು ಅಗಲ, ಅಂಚಿಗೆ ಎರಡು ಮಡಿಕೆ ಹೊಲಿಗೆ, ಗಜಕ್ಕೊಂದು ಹಿತ್ತಾಳೆ ರಿಂಗು. ಕಣ್ಣು ಅದರ ಮೇಲೇ ನಿಂತಿತು. ಆದರೂ ಹೆಂಡತಿ ಮಾತು ನೆನಪಾಗಿ, ನೀರು ಹಾಕಿ ನೋಡಬಹುದೇ ಅಂದೆ.

ಬೇರೆ ಅಂಗಡಿಯವರಾಗಿದ್ದರೆ ನನ್ನನ್ನು ಓಡಿಸುತ್ತಿದ್ದರು. ಸೇಠಜಿ ನಾಲ್ಕು ಹಮಾಲರನ್ನು ಕರೆದು ನಾಲ್ಕು ಮೂಲೆ ಹಿಡಿಸಿದರು. ಅಷ್ಟೇ ಅಲ್ಲ, ಬಿಳಿ ಧೋತರ ಸಾವರಿಸಿಕೊಂಡು ತಾವೇ ಹೋಗಿ ಅದರ ಕೆಳಗೆ ಚಕ್ಕಳಮಕ್ಕಳ ಹಾಕಿ ಕುಂತರು. ನಾನು ಎರಡು ಕೊಡ ನೀರು ಸುರಿದೆ. ನಡುವೆ ಹೊಟ್ಟೆ ಬಂದಂತೆ ನೀರು ನಿಂತಿತು, ಕೆಳಗೆ ಒಂದು ಹನಿ ಇಲ್ಲ. ಗೆದ್ದ ಖುಷಿಯಲ್ಲಿ ಸೇಠಜಿ ಎದ್ದು ನಿಂತರು. ಅವರ ತಲೆ ಆ ಹೊಟ್ಟೆಗೆ ಬಡಿಯಿತು. ಎರಡೂ ಕೊಡ ನೀರು ಸರ್ರನೆ ನನ್ನ ಕಡೆ ಜಾರಿ ನನಗೆ ಅಭ್ಯಂಜನವಾಯಿತು.

ಇಡೀ ಓಣಿ ನಕ್ಕಿತು, ಸೇಠಜಿ ಮಾತ್ರ ನಗಲಿಲ್ಲ. ಒಳಗೆ ಕರೆದು ಚಹಾ ಕುಡಿಸಿ, ತಮ್ಮದೊಂದು ಒಣ ಧೋತರ ಕೊಟ್ಟು ಉಡಿಸಿ ಕಳಿಸಿದರು. ಆ ಮಾರವಾಡಿ ಧೋತರ ಉಟ್ಟು, ತಾಡಪತ್ರಿ ಹೊತ್ತು ನಾನು ಮನೆ ಬಾಗಿಲಿಗೆ ಬಂದಾಗ ಹೆಂಡತಿ ತಲೆಯಿಂದ ಕಾಲಿನವರೆಗೆ ನೋಡಿದಳು. ತಾಡಪತ್ರಿ ಒಂದು ಹನಿ ಸೋರಲಿಲ್ಲ ಅಂದೆ.

"ಹೌದ? ಮತ್ತ ನೀವ್ಯಾಕ ಸೋರಾಕ ಹತ್ತೀರಿ?"

೨. ಸಾಹೇಬರಿಗೆ ಕುಂಚಿಗೆ

ನಮ್ಮ ಖಲಾಸಿ ಕಾಕಾ ಮರಾಠಿಯವನು. ವಯಸ್ಸು ಐವತ್ತು ದಾಟಿತ್ತು. ಹನ್ನೊಂದು ವರ್ಷದಿಂದ ಟೆಂಪರರಿ. ಅವನ ಮುಂದೆ ನನ್ನ ನಾಲ್ಕು ವರ್ಷದ ದುಃಖ ಹೇಳಿಕೊಳ್ಳಲು ನನಗೇ ನಾಚಿಕೆ. ಎಂಟು ಮಕ್ಕಳ ತಂದೆ. ಜೋಲಿಯ ಹಗ್ಗ ಕೈಗೆ ಸಿಕ್ಕರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ.

ರಾಮಟೇಕದ ಆಚೆ ಒಂದು ಹಳ್ಳಿಯ ಹತ್ತಿರ ಕ್ಯಾಂಪು. ಮಧ್ಯಾಹ್ನ ಊಟವಾದ ಮೇಲೆ ಸಾಹೇಬರು ತಾಡಪತ್ರಿ ಕೆಳಗೆ ಜೋಲಿಯಲ್ಲಿ ಅಡ್ಡಾದರು. ಕಾಕಾ ಎಲೆ ಅಡಿಕೆ ಜಗಿಯುತ್ತ ಪಕ್ಕದಲ್ಲಿ ಕುಂತವನು ತನಗೆ ಗೊತ್ತಿಲ್ಲದೆಯೇ ಹಗ್ಗ ಎಳೆದು ತೂಗತೊಡಗಿದ. ತೂಗುತ್ತ ತೂಗುತ್ತ ಸಣ್ಣ ದನಿಯಲ್ಲಿ ಜೋಗುಳವೂ ಬಂತು. ನಾನು ಕಣ್ಣು ಸನ್ನೆ ಮಾಡಿದೆ, ಅವನಿಗೆ ಕಾಣಲಿಲ್ಲ. ಸಾಹೇಬರು ಎದ್ದು ಬೈಯುತ್ತಾರೆ ಅಂದುಕೊಂಡರೆ ಗೊರಕೆ ಕೇಳಿಸಿತು. ಮರುದಿನ ಊಟವಾದ ಮೇಲೆ ಸಾಹೇಬರು ಅತ್ತಿತ್ತ ನೋಡಿ, ಕಾಕಾ ಎಲ್ಲಿ ಅಂತ ಕೇಳಿದರು. ಆಮೇಲೆ ಅದು ದಿನದ ಪದ್ಧತಿಯಾಯಿತು.

ಕಟ್ಟಿಗೆಗೆ ಹೋಗುವ ಹಳ್ಳಿಯ ಹೆಂಗಸರು ದೂರದಿಂದ ಇದನ್ನು ನೋಡಿದರು. ಜೋಲಿ ಕಾಣುತ್ತಿತ್ತು, ತೂಗುವುದು ಕಾಣುತ್ತಿತ್ತು, ಜೋಗುಳ ಕೇಳುತ್ತಿತ್ತು. ಪಾಪ, ಕಾಡಿನಲ್ಲಿ ಹಸುಗೂಸು ಇಟ್ಟುಕೊಂಡಿದ್ದಾರೆ ಅಂತ ಅವರಿಗೆ ಮರುಕ ಬಂತು. ಒಂದು ದಿನ ನಾಲ್ಕು ಜನ ಕೂಸು ನೋಡಲು ಹೋಗುವ ಪದ್ಧತಿಯಂತೆ ಬುಟ್ಟಿ ಹೊತ್ತುಕೊಂಡು ಬಂದೇ ಬಿಟ್ಟರು. ಬುಟ್ಟಿಯಲ್ಲಿ ಅಕ್ಕಿ, ಬೆಲ್ಲ, ಒಂದು ತೆಂಗಿನಕಾಯಿ, ಮೇಲೆ ಕೂಸಿಗೆ ಹಾಕುವ ಕೆಂಪು ಕುಂಚಿಗೆ, ಕಿವಿ ಮುಚ್ಚುವಂಥದ್ದು. ಮುದುಕಿಯೊಬ್ಬಳು ಕೂಸು ಗಂಡೋ ಹೆಣ್ಣೋ ಅಂತ ಕೇಳಿದಳು. ಕಾಕಾ ತೂಗುವುದನ್ನು ನಿಲ್ಲಿಸದೆ ಜೋಲಿಯ ಕಡೆ ಕೈ ತೋರಿಸಿದ. ಮುದುಕಿ ಬಗ್ಗಿ ನೋಡಿದಳು. ಒಳಗೆ ಮೀಸೆ ಇತ್ತು.

ಸಾಹೇಬರಿಗೆ ಎಚ್ಚರವಾಗಿ ಎಲ್ಲ ತಿಳಿಯಿತು. ನಾವೆಲ್ಲ ಮುಖ ಎಲ್ಲಿಡಬೇಕು ತಿಳಿಯದೆ ನಿಂತಿದ್ದೆವು. ಅವರು ದೊಡ್ಡ ಮನುಷ್ಯರು. ಆ ತಾಯಂದಿರಿಗೆ ಕೈಮುಗಿದು ಬುಟ್ಟಿ ಇಸಿದುಕೊಂಡರು. ಡಿಸೆಂಬರಿನ ಚಳಿ ಬಿದ್ದಾಗ ಒಂದು ಬೆಳಗ್ಗೆ ಚಹಾ ಕೊಡಲು ಹೋದೆ. ಸಾಹೇಬರು ಕುಂಚಿಗೆ ಹಾಕಿಕೊಂಡು ಕುಂತಿದ್ದರು, ಕಿವಿಗೆ ಬರೋಬರ್ ಆಗಿತ್ತು.

೩. ಬೆರಳು ಹಚ್ಚಬೇಡಿ

ತೊಯ್ದ ತಾಡಪತ್ರಿಗೆ ಒಂದು ಗುಣವಿದೆ. ಮುಟ್ಟದಿದ್ದರೆ ಸೋರುವುದಿಲ್ಲ. ಒಳಗಿನಿಂದ ಒಂದು ಬೆರಳು ಹಚ್ಚಿದಿರೋ, ಅಲ್ಲೇ ತೊಟಕ್ ತೊಟಕ್ ಶುರು. ಇದನ್ನು ನನಗೆ ಹೇಳಿಕೊಟ್ಟವನು ಕಾಕಾ. ಆದರೆ ಕಾರಕೂನನಿಗೆ ಒಂದು ಸಂಗತಿ ಗೊತ್ತಾದರೆ ಅದನ್ನು ಹತ್ತು ಜನಕ್ಕೆ ಅಪ್ಪಣೆಯಾಗಿ ಹೊರಡಿಸದೆ ಸಮಾಧಾನವಿಲ್ಲ.

ಒಂದು ಸಂಜೆ ಜಿಟಿಜಿಟಿ ಮಳೆ ಹಿಡಿಯಿತು. ಎಲ್ಲರೂ ಕೆಳಗೆ ಒತ್ತಿಕೊಂಡು ಕುಂತಾಗ ನಾನು ಎದ್ದು ನಿಂತು ಭಾಷಣ ಮಾಡಿದೆ. ಯಾರೂ ಮುಟ್ಟಬಾರದು, ತಲೆ ತಾಗಿಸಬಾರದು, ಅಂಗಿ ನೇತುಹಾಕಬಾರದು. ಎಲ್ಲರೂ ತಲೆ ಆಡಿಸಿದರು. ಮುಟ್ಟುವುದೆಂದರೆ ಹೇಗೆ ಅಂತ ಸ್ಪಷ್ಟವಾಗಲಿ ಎಂದು, "ಹಿಂಗ" ಅಂತ ಬೆರಳು ಹಚ್ಚಿ ತೋರಿಸಿದೆ. ಕೆಳಗೆ ನನ್ನದೇ ಹಾಸಿಗೆ ಇತ್ತು.

ಕಾಕಾ ನಗದೆ ಎದ್ದು ಬಂದು, ಹನಿ ಬೀಳುವ ಜಾಗದಿಂದ ಅಂಚಿನವರೆಗೆ ಬೆರಳಿನಿಂದ ಒಂದು ಗೆರೆ ಎಳೆದ. ನೀರು ಆ ಗೆರೆ ಹಿಡಿದು ಸುಮ್ಮನೆ ಹೊರಗೆ ಇಳಿದು ಹೋಯಿತು. ಅವನಿಗೆ ಓದು ಬರಹ ಬರುತ್ತಿರಲಿಲ್ಲ. ನೀರಿಗೆ ದಾರಿ ತೋರಿಸಲು ಬರುತ್ತಿತ್ತು. ನಾನು ಅವನಿಗೆ ಉಪಕಾರ ಅಂದೆ. ಅವನು ಮರಾಠಿಯಲ್ಲಿ ಬಹಳ ವಿನಯದಿಂದ, ರಾವ್‌ಸಾಹೇಬರು ತಾವು ಇನ್ನೂ ಯಾವುದಾದರೂ ಜಾಗ ತೋರಿಸುವುದಿದೆಯೇ, ಈಗಲೇ ಹೇಳಿದರೆ ಹಾಸಿಗೆಗಳನ್ನು ಸರಿಸಿಡುತ್ತೇವೆ ಅಂದ.

೪. ಮಾಳಿಗೆ ಮೇಲಿನ ಮೆಣಸಿನಕಾಯಿ

ಫೆಬ್ರುವರಿಯಲ್ಲಿ ಗಾಳಿಗೆ ಎರಡು ರಿಂಗು ಕಿತ್ತುಬಂದವು. ಹೊಲಿಸಿಕೊಂಡು ಬರಲು ನಾನು ತಾಡಪತ್ರಿ ಸಮೇತ ನಾಗಪುರಕ್ಕೆ ಬಂದೆ. ಇತವಾರಿಯ ಸೇಠಜಿ ಧರ್ಮಕ್ಕೇ ಹೊಲಿಸಿಕೊಟ್ಟರು. ವಾಪಸು ಹೊರಡಲು ಎಂಟು ದಿನ ಇತ್ತು, ಮನೆಯಲ್ಲಿಟ್ಟೆ.

ಆ ಎಂಟು ದಿನ ನಾನು ಕಚೇರಿಗೆ ಹೋಗಿ ಬರುತ್ತಿದ್ದೆ. ಹೊಸ ಮೆಣಸಿನಕಾಯಿ ಬಂದ ಕಾಲ ಅದು. ನಮ್ಮ ಕಡೆಯ ಹೆಂಗಸರು ವರ್ಷದ ಖಾರದಪುಡಿ ಒಮ್ಮೆಲೇ ಮಾಡಿಡುವವರು. ನಾವು ಬಾಡಿಗೆಗಿದ್ದ ವಾಡೆಯಲ್ಲಿ ಕನ್ನಡದ ಮೂರು ಮನೆ. ಹದಿನೆಂಟು ಫೂಟಿನ ಸ್ವಚ್ಛ ಅರಿವೆ ಮನೆಯಲ್ಲಿ ಸುಮ್ಮನೆ ಬಿದ್ದದ್ದನ್ನು ಯಾವ ಹೆಣ್ಣುಮಗಳು ತಾನೆ ನೋಡಿಕೊಂಡಿರುತ್ತಾಳೆ? ಮೂರೂ ಮನೆಯ ಮೆಣಸಿನಕಾಯಿ ಮಾಳಿಗೆ ಮೇಲೆ ಸರ್ಕಾರಿ ತಾಡಪತ್ರಿಯ ಮೇಲೆ ಬಿಸಿಲು ಕಾಯಿತು. ಒಂದು ಸಂಜೆ ಜಲ್ದಿ ಮನೆಗೆ ಬಂದವನು ಮೇಲೆ ಹತ್ತಿ ನೋಡಿದರೆ, ಮೂರು ಜನ ನಡುವೆ ಕುಂತು ತೊಟ್ಟು ಮುರಿಯುತ್ತಿದ್ದರು.

ಅವತ್ತು ನಾನು ಕೂಗಾಡಿದ್ದು ಖರೆ. ಇದು ಸರ್ಕಾರದ ಮಾಲು, ನನ್ನ ನೌಕರಿ ಮೊದಲೇ ಗಾಳಿಯಲ್ಲಿದೆ, ಸಾಹೇಬರಿಗೆ ವಾಸನೆ ಬಂದರೆ ಮುಗಿಯಿತು, ಚೆನ್ನಾಗಿ ಝಾಡಿಸಿ ತೊಳೆದು ಕೊಡು ಅಂತ ಹತ್ತು ಸಲ ಹೇಳಿದೆ. ಹೊರಡುವ ದಿನ ಮತ್ತೆ ಕೇಳಿದೆ. ಎಲ್ಲ ಮಾಡೀನಿ, ಸುಮ್ಮನ ಹೋಗ್ರಿ ಅಂದಳು. ಮಡಿಕೆ ಎಷ್ಟು ಚೆಂದ ಇತ್ತೆಂದರೆ ಇರಕಲ್ ಸೀರೆ ಕೂಡ ಹಾಗೆ ಮಡಚಿದ್ದು ನಾನು ನೋಡಿರಲಿಲ್ಲ. ಮಡಿಕೆ ಚೆಂದ ಇದ್ದರೆ ಒಳಗೂ ಚೆಂದ ಇರುತ್ತದೆ ಅಂತ ನಂಬುವವನು ನಾನು. ಕಾರಕೂನ, ನೋಡ್ರಿ.

೫. ದೊಡ್ಡ ಸಾಹೇಬರು ಬಂದರು

ಮಾರ್ಚ್ ಕೊನೆಗೆ ದಿಲ್ಲಿಯಿಂದ ದೊಡ್ಡ ಸಾಹೇಬರು ಕ್ಯಾಂಪ್ ನೋಡಲು ಬಂದರು. ಯಾವ ಟೆಂಪರರಿ ಜಾಗ ಇಡಬೇಕು, ಯಾವುದು ತೆಗೆಯಬೇಕು ಅಂತ ನಿರ್ಧಾರ ಮಾಡಲು ಬಂದದ್ದು. ನಮ್ಮಲ್ಲಿ ಟೆಂಪರರಿ ಅಂದರೆ ನಾನು ಮತ್ತು ಕಾಕಾ, ಇಬ್ಬರೇ. ಆ ಮನುಷ್ಯ ನಕ್ಕಿದ್ದನ್ನು ಅವರ ಜೀಪಿನ ಡ್ರೈವರ್ ಕೂಡ ನೋಡಿರಲಿಲ್ಲವಂತೆ.

ಗಿಡದ ಕೆಳಗೆ ಮೇಜು ಹಾಕಿ, ಆ ವರ್ಷದ ನಕಾಶೆಗಳನ್ನೆಲ್ಲ ಹರವಿ ಕುಂತರು. ಒಂದು ತಾಸು ನೋಡಿದರು. ಆಮೇಲೆ ನಮ್ಮ ಎದುರಿಗೇ, ಮುಂದಿನ ಸಲದಿಂದ ಈ ಎರಡು ಜಾಗ ಬೇಕಾಗಿಲ್ಲ ಅಂದರು. ನಮ್ಮ ಸಾಹೇಬರು ಇಬ್ಬರ ಪರವಾಗಿಯೂ ಬಹಳ ಹೇಳಿದರು. ದೊಡ್ಡವರು ಜಾಗಗಳ ಪಟ್ಟಿಯ ಕಾಗದ ಮುಂದಿಟ್ಟುಕೊಂಡು ಪೆನ್ನಿನ ಟೋಪಿ ತೆಗೆದರು. ನನ್ನ ಕಣ್ಣ ಮುಂದೆ ಊರ ಗಾಡಿ ಬಂದು ನಿಂತಿತು. ಹೊಸಿಲಲ್ಲಿ ನಿಂತ ಮಾವನವರೂ ಕಂಡರು.

ಆಗಲೇ ಗಾಳಿ ಎದ್ದದ್ದು. ನೋಡನೋಡುತ್ತಲೇ ಮೋಡ ಕವಿದು, ಸುಪಾರಿಯಷ್ಟು ದಪ್ಪ ಆಣೆಕಲ್ಲು ಬೀಳತೊಡಗಿದವು. ನಮ್ಮ ಸಾಹೇಬರು ನಕಾಶೆ, ನಕಾಶೆ ಅಂತ ಕೂಗಿದರು. ನಾನು, ಕಾಕಾ ಓಡಿ ತಾಡಪತ್ರಿ ಎಳೆದು ತಂದೆವು. ಮಳೆ ಇಲ್ಲದ ದಿನಗಳಲ್ಲಿ ಗಿಡದ ನೆರಳೇ ಸಾಕಾಗಿ, ಮನೆಯಿಂದ ತಂದ ಮೇಲೆ ಅದನ್ನು ಬಿಚ್ಚಿರಲೇ ಇಲ್ಲ. ಮೇಜು, ನಕಾಶೆ, ಸಾಹೇಬರು ಎಲ್ಲರ ಮೇಲೂ ಝಾಡಿಸಿ ಹೊದಿಸಿ, ಹಗ್ಗ ಬಿಗಿದು ಒಳಗೆ ನುಗ್ಗಿದೆವು. ಒಳಗೆ ಒಂದು ಕೆಂಪು ಮೋಡ ನಿಧಾನಕ್ಕೆ ಇಳಿಯುತ್ತಿತ್ತು.

ಮೂರು ಮನೆಯ ಖಾರ, ಸ್ವಾಮಿ. ಹೊರಗೆ ಆಣೆಕಲ್ಲು, ಓಡುವಂತಿಲ್ಲ. ಮೊದಲು ಕಾಕಾನ ಕಣ್ಣಿನಿಂದ ಧಾರೆ ಇಳಿಯಿತು. ಆಮೇಲೆ ನನ್ನದು. ದೊಡ್ಡ ಸಾಹೇಬರ ಮುಂದೆ ಸೀನಬಾರದು ಅಂತ ಬಾಯಿಗೆ ಟವೆಲು ಒತ್ತಿ ಹಿಡಿದೆ, ಭುಜ ಅದುರತೊಡಗಿದವು. ದೊಡ್ಡ ಸಾಹೇಬರು ತಲೆ ಎತ್ತಿ ನಮ್ಮನ್ನು ನೋಡಿದರು. ಯಾಕೆ ಅಳುತ್ತೀ ಅಂತ ಕಾಕಾನನ್ನು ಕೇಳಿದರು. ಅವನಿಗೆ ದನಿಯೇ ಹೊರಡಲಿಲ್ಲ, ಕೈಮುಗಿದ. ನನ್ನನ್ನು ಕೇಳಿದರು. ಬಾಯಿ ತೆರೆದೆ, ಗಂಟಲಲ್ಲಿ ಮೆಣಸಿನಕಾಯಿ ಕುಂತಿತ್ತು, "ಸಾಹೇಬ್..." ಅನ್ನುವಷ್ಟರಲ್ಲಿ ಬಿಕ್ಕಿದೆ. ತಿರುಗಿ ನೋಡಿದರೆ ನಮ್ಮ ಸಾಹೇಬರ ಮೀಸೆಯಿಂದ ಕಣ್ಣೀರು ತೊಟ್ಟಿಕ್ಕುತ್ತಿತ್ತು.

ಅಷ್ಟರಲ್ಲಿ ದೊಡ್ಡ ಸಾಹೇಬರಿಗೇ ಏನೋ ಆಯಿತು. ಕನ್ನಡಕ ತೆಗೆದರು. ಕರವಸ್ತ್ರದಿಂದ ಒರೆಸಿಕೊಂಡರು. ಆ ಕರವಸ್ತ್ರ ಮೇಜಿನ ಮೇಲೆ ಬಿದ್ದಿತ್ತು, ಅದರ ಮೇಲೂ ಖಾರ ಕುಂತಿತ್ತು. ಒರೆಸಿಕೊಂಡಷ್ಟೂ ಹೆಚ್ಚಾಯಿತು. ಗದ್ಗದ ದನಿಯಲ್ಲಿ ಹಿಂದಿಯಲ್ಲಿ ಹೇಳಿದರು, ತಾವು ಇಷ್ಟು ವರ್ಷ ಚಾಕರಿ ಮಾಡಿದರೂ ಕೆಲಸವನ್ನು ಹೀಗೆ ಪ್ರೀತಿಸುವ ಜನರನ್ನು ನೋಡಿಲ್ಲ, ತಮ್ಮ ಕಣ್ಣು ಒದ್ದೆಯಾದದ್ದೂ ಇದೇ ಮೊದಲು. ಹಾಗೆಂದು ಆ ಕಾಗದ ಎಳೆದುಕೊಂಡು ಅಲ್ಲೇ ಬೇರೆ ಏನೋ ಬರೆದರು. ಮಳೆ ನಿಂತಾಗ ಒಂದು ನಕಾಶೆಯೂ ತೊಯ್ದಿರಲಿಲ್ಲ. ತೊಯ್ದದ್ದು ನಮ್ಮ ಮುಖ ಮಾತ್ರ. ಅವರು ಜೀಪಿನಲ್ಲಿ ರಾಮಟೇಕದವರೆಗೂ ಕಣ್ಣೊರೆಸಿಕೊಳ್ಳುತ್ತಿದ್ದರು ಅಂತ ಡ್ರೈವರ್ ಆಮೇಲೆ ಹೇಳಿದ.

ಅವರು ಹೋದ ಮೇಲೆ ನಮ್ಮ ಸಾಹೇಬರು ತಾಡಪತ್ರಿಯ ಮಡಿಕೆಯಿಂದ ಒಂದು ಮೆಣಸಿನಕಾಯಿ ತೊಟ್ಟು ಹೆಕ್ಕಿದರು. ಅದನ್ನು ನೋಡಿದರು, ನನ್ನನ್ನು ನೋಡಿದರು, ಜೇಬಿನಲ್ಲಿ ಇಟ್ಟುಕೊಂಡರು. ಅವರ ಋಣ ನನ್ನ ಮೇಲೆ ಇನ್ನೂ ಇದೆ.

ಎರಡು ತಿಂಗಳಿಗೆ ಹುಕುಂ ಬಂತು, ನಾನೂ ಕಾಯಂ, ಕಾಕಾನೂ ಕಾಯಂ. ಹನ್ನೊಂದು ವರ್ಷ ಕಾದ ಕಾಕಾ ಅವತ್ತು ಮೆಣಸಿನಕಾಯಿ ಇಲ್ಲದೆಯೇ ಅತ್ತ. ನನಗೂ ತಡೆಯಲಾಗಲಿಲ್ಲ.

ಮನೆಗೆ ಹೋಗಿ ಹೆಂಡತಿಯ ಕೈಯಲ್ಲಿ ಹುಕುಂ ಇಟ್ಟು, ನಡೆದದ್ದೆಲ್ಲ ಹೇಳಿದೆ. ಆಕೆ ಅದನ್ನು ದೇವರ ಮುಂದೆ ಇಟ್ಟು, ಕುಂಕುಮ ಹಚ್ಚಿ, ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದಳು.

"ಝಾಡಿಸು, ಝಾಡಿಸು ಅಂತ ಅವತ್ತ ಎಷ್ಟ ಬಡಕೊಂಡ್ರಿ. ನಿಮ್ಮ ಮಾತ ಕೇಳಿದ್ರ ಇವತ್ತ ನಮ್ಮಪ್ಪನ ಮನ್ಯಾಗ ಇರ್ತಿದ್ರಿ."

ಅಂದಿನಿಂದ ನಮ್ಮ ಮನೆಯಲ್ಲಿ ಏನನ್ನೇ ಝಾಡಿಸುವುದಿದ್ದರೂ ನಾನೇ ಝಾಡಿಸುತ್ತೇನೆ. ಅದೂ ಆಕೆಯನ್ನು ಕೇಳಿ.