ಸ್ಟಾಪಿಗೊಬ್ಬರಂತೆ ಪ್ರಾರ್ಥನೆ

ದೇವರಿಗಾಗಿ ಕಾಯುವ ಭಕ್ತರನ್ನು ನೀವು ಬೇಕಾದಷ್ಟು ಕಂಡಿರಬಹುದು. ದೇವರನ್ನೇ ಕಾಯಿಸುವವರನ್ನು ಕಂಡಿದ್ದೀರಾ? ಇಲ್ಲವಾದರೆ ಹುಬ್ಬಳ್ಳಿಗೆ ಬನ್ನಿ, ನಮ್ಮ ಸೋದರತ್ತೆಯನ್ನು ತೋರಿಸುತ್ತೇನೆ!

ಬೆಳಿಗ್ಗೆ ಅವರು ಮೊಣಕಾಲೂರಿ ಕಣ್ಣು ಮುಚ್ಚಿದರೆ ಸಾಕು, ಇಡೀ ಮನೆಗೆ ಅವರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕುತ್ತಿತ್ತು. ಮಾವನ ಕನ್ನಡಕ ಆಗಲೇ ಕಳೆಯಬೇಕು, ಮೊಮ್ಮಗಳಿಗೆ ಆಗಲೇ ಜಡೆ ಹಾಕಬೇಕು. "ಕರ್ತನೇ, ನೀ ಇಲ್ಲೇ ಕುಂತಿರು, ಸಿಲಿಂಡರ್ ಬಂದೈತಿ" ಎಂದು ಅತ್ತೆ ಎದ್ದು ಹೋದರೆ, ಆ ಕರ್ತನ ಗತಿ ಏನಾಯಿತೆಂದು ಯಾರೂ ವಿಚಾರಿಸುತ್ತಿರಲಿಲ್ಲ. ಆಮೆನ್ ಹೇಳುವ ಮೊದಲೇ ಧಾರವಾಡದ ಆಫೀಸಿಗೆ ಹೊರಡುವ ಹೊತ್ತಾಗಿರುತ್ತಿತ್ತು.

ಕೊನೆಗೆ ಅತ್ತೆ ಪ್ರಾರ್ಥನೆಯನ್ನೇ ಬಸ್ಸಿಗೆ ಹತ್ತಿಸಿದರು. ಧಾರವಾಡದವರೆಗಿನ ದಾರಿಯನ್ನು ಸ್ಟಾಪಿಗೊಬ್ಬರಂತೆ ಹಂಚಿದರು. ಉಣಕಲ್ಲಿಗೆ ಸೊಸೆಯ ಬೆನ್ನುನೋವು, ನವನಗರಕ್ಕೆ ಮಗನ ಸಿಟ್ಟು, ರಾಯಾಪುರಕ್ಕೆ ನಾನು. ಅಲ್ಲಿಂದ ಮುಂದೆ ಪೂರ್ತಿ ಮಾವ! "ಅವರದು ಭಾಳ ಐತಿ, ಒಂದು ಸ್ಟಾಪಿನ್ಯಾಗ ಮುಗಿಯೂದಿಲ್ಲ" ಎಂಬ ಸಮಜಾಯಿಷಿ ಬೇರೆ. ನನಗಂತೂ ಈ ವ್ಯವಸ್ಥೆ ಬಹಳ ಹಿಡಿಸಿತು. ಸ್ವಂತ ಪ್ರಾರ್ಥನೆ ಮಾಡಿಕೊಳ್ಳಲು ನನಗೆಲ್ಲಿ ಪುರಸೊತ್ತು? ಫೋನು ಯಾರು ನೋಡಬೇಕು?

ಎಕ್ಸ್‌ಪ್ರೆಸ್ ಬಸ್ಸೆಂದರೆ ಅತ್ತೆಗೆ ಸೈತಾನನ ವಾಹನ. ಒಮ್ಮೆ ಅವಸರದಲ್ಲಿ ಹತ್ತಿಬಿಟ್ಟರು. ಬಸ್ಸು ಎಲ್ಲೂ ನಿಲ್ಲದೆ ಓಡಿತು. ಧಾರವಾಡದಲ್ಲಿ ಇಳಿದವರೇ ಹುಬ್ಬಳ್ಳಿಗೆ ಮರಳಿ, ಎಲ್ಲಾ ಸ್ಟಾಪಿನ ಬಸ್ಸು ಹಿಡಿದು ಮತ್ತೆ ಮೊದಲಿನಿಂದ ಶುರು ಮಾಡಿದರು! ತಡವಾಗಿದ್ದೇಕೆಂದು ಸಾಹೇಬರು ಕೇಳಿದರೆ, "ಹಾದ್ಯಾಗ ನಾಕು ಮಂದೀ ಕೆಲಸಾ ಉಳದಿತ್ರಿ ಸರ್" ಎಂದರಂತೆ.

ದಿನವೂ ಅದೇ ಬಸ್ಸಿಗೆ ಬರುತ್ತಿದ್ದ ಗ್ಯಾರೇಜಿನ ಚಾಚಾ ಒಂದು ದಿನ, "ಬಾಯಾರ, ನನ್ನ ಮಗಳ ಪರೀಕ್ಷಾ ಐತ್ರಿ. ನಮಗೂ ಒಂದು ಸ್ಟಾಪ್ ನೋಡ್ರಲ್ಲ" ಎಂದು ಕೇಳಿದರು. ಅತ್ತೆ ಮಾವನ ಪಾಲಿನಿಂದ ಸತ್ತೂರು ಸ್ಟಾಪನ್ನು ಕಿತ್ತು ಅವರಿಗೆ ಕೊಟ್ಟರು. ಹುಡುಗಿ ಪಾಸಾದಳು. ಮಾವ ಮಾತ್ರ ಇದ್ದಂತೆಯೇ ಇದ್ದಾರೆ.

ಹೋದ ತಿಂಗಳು ಅತ್ತೆ ನಿವೃತ್ತರಾದರು. "ಇನ್ನ ದಿನಪೂರ್ತಿ ಪ್ರಾರ್ಥನಾ ಮಾಡ್ರಿ" ಎಂದು ಎಲ್ಲರೂ ಉದಾರವಾಗಿ ಹರಸಿದರು. ಮರುದಿನವೇ ಮೊಮ್ಮಗಳ ಶಾಲೆ, ಸೊಸೆಯ ಅಡುಗೆಮನೆ, ಮಾವನ ಗುಳಿಗೆ ಎಂದು ಆ ದಿನಪೂರ್ತಿಯನ್ನು ಹಂಚಿಕೊಂಡರು. ಎಂಥ ಔದಾರ್ಯ! ಬಸ್ಸಿನಲ್ಲಿ ಸಿಗುತ್ತಿದ್ದ ಒಂದು ಗಂಟೆಯೂ ಕೈಬಿಟ್ಟಿತು. ವಾರವೊಂದನ್ನು ಹೇಗೋ ತಡೆದುಕೊಂಡ ಅತ್ತೆ ಎಂಟನೆಯ ದಿನ ಬ್ಯಾಗು ಹೆಗಲಿಗೇರಿಸಿ ಬಸ್ಸು ಹತ್ತಿದರು. ಮರುದಿನವೂ ಹತ್ತಿದರು. "ಅವ್ವಗ ಏನೋ ಆಗೇತಿ, ಮನಿಗೆ ಕರಕೊಂಡು ಬಾ" ಎಂದು ಅವರ ಮಗ ನನಗೆ ಫೋನು ಮಾಡಿದ.

ಮೂರನೆಯ ದಿನ ಅದೇ ಬಸ್ಸಿನಲ್ಲಿ ಅವರ ಪಕ್ಕಕ್ಕೆ ಹೋಗಿ ಕೂತೆ.

"ಅತ್ತಿ, ಆಫೀಸ್ ಮುಗೀತಲ್ರಿ. ಎಲ್ಲಿಗೆ ಹೊಂಟೀರಿ?"

"ಧಾರವಾಡಕ್ಕ ಹೋಗಿ ಹಂಗಽ ಹೊಳ್ಳಿ ಬರ್ತೇನಿ. ಮನ್ಯಾಗ ಕಣ್ಣು ಮುಚ್ಚಿದ್ರ ಎಲ್ಲಾರೂ ಕರೀತಾರ. ಇಲ್ಲಿ ಯಾರೂ ಕರ್ಯೂದಿಲ್ಲ ನೋಡು."

ತಮಾಷೆಗೆಂದೇ ಕೇಳಿದೆ: "ಎಲ್ಲಾರಿಗೂ ಒಂದೊಂದು ಸ್ಟಾಪ್ ಕೊಟ್ಟೀರಿ. ನಿಮ್ಮದು ಯಾವುದ್ರಿ?"

ಅತ್ತೆ ಒಂದೊಂದೇ ಬೆರಳು ಮಡಚುತ್ತ ಎಣಿಸಿದರು. ಐದೂ ಬೆರಳು ಮುಗಿದವು. "ನಂದಾ? ನಂದು ಇಟ್ಟಽ ಇಲ್ಲಲೋ! ಮರತೇನಿ ನೋಡು" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ವರ್ಷಗಟ್ಟಲೆ ನನ್ನ ಹೆಸರನ್ನು ದೇವರ ಮುಂದೆ ಹೇಳಿದವರು ಇವರು. ಇವರ ಹೆಸರನ್ನು ನಾನಾಗಲಿ, ಮನೆಯಲ್ಲಿ ಮತ್ತೊಬ್ಬರಾಗಲಿ ಒಂದು ದಿನವೂ ಹೇಳಿರಲಿಲ್ಲ. ನಾಚಿಕೆಯಾಯಿತು. ಮನೆಗೆ ಕರೆದೊಯ್ಯುವ ಮಾತೆತ್ತದೆ ಅಲ್ಲೇ ಕಣ್ಣು ಮುಚ್ಚಿದೆ.

"ಕರ್ತನೇ, ನಮ್ಮ ಅತ್ತಿ..."

ಮುಂದಿನ ಮಾತು ಹೊಳೆಯಲಿಲ್ಲ. ಅತ್ತೆ ನನ್ನ ಕೈ ಹಿಡಿದುಕೊಂಡರು.

"ಸಾವಕಾಶ ಹೇಳೋ ತಮ್ಮಾ. ಧಾರವಾಡ ಇನ್ನೂ ದೂರ ಐತಿ."