ಬೇಕರಿಯಲ್ಲಿ ಬೆಂದ ಹೆಡ್ಡು

ಜವರಯ್ಯನ ಹಳೆಯ ಬುಲೆಟ್ಟು ಎಷ್ಟು ಒದ್ದರೂ ಒಂದು ಸಲ ಕೆಮ್ಮಿ ಸುಮ್ಮನಾಗುವುದಕ್ಕೆ ಶುರುವಾಗಿ ತಿಂಗಳಾಗಿತ್ತು. ಇಂಜಿನ್ನಿನ ಹೆಡ್ಡಿನಲ್ಲಿ ವಾಲ್ವು ಬಂದು ಕೂರುವ ಉಕ್ಕಿನ ಬಳೆಗಳು, ಅಂದರೆ ಸೀಟುಗಳು, ಸವೆದಿವೆಯೆಂದು ಗಂಜಾಮಿನ ಮೆಕ್ಯಾನಿಕ್ ಸಿದ್ದರಾಮು ಹೇಳಿದ್ದ. ಸೀಟು ಹೋದರೆ ಹೋಗಲಿ, ಜವರಯ್ಯನಿಗೆ ಭಯವಿದ್ದದ್ದು ಹೆಡ್ಡಿನದು. ಅಪ್ಪನ ಕಾಲದ್ದು ಅದು. ಬೇರೆ ಹೆಡ್ಡು ಕೂತರೆ ಅಪ್ಪನ ಗಾಡಿಯ ಡುಗುಡುಗು ಹೋದಂತೆಯೇ.

"ಬದಲಾಯಿಸ್ಬುಡ್ತಾರೆ ಕಣ್ಲಾ," ಎಂದು ನಾಲ್ಕು ದಿನದ ಹಿಂದೆ ಪಾಂಡವಪುರದಲ್ಲಿ ಪಕ್ಕದ ಮನೆಯ ಚಿಕ್ಕಬೀರಯ್ಯ ಕಿವಿಯಲ್ಲಿ ಊದಿದ್ದ. ಅವನದೂ ಅದೇ ಕಾಲದ ಬುಲೆಟ್ಟು. "ಎಂಗಸ್ರು ಉಗುರಿಗೆ ಬಳ್ಕೊಳೋ ಕೆಂಪಲ್ಲಿ ಒಂದ್ ಚುಕ್ಕೆ ಇಟ್ಬುಡು. ನಿನ್ ಮಾಲು ನಿಂದೇ ಆಯ್ತದೆ."

ಅಂದು ಬೆಳಿಗ್ಗೆ ಜವರಯ್ಯ ಲಗೇಜು ಆಟೋದಲ್ಲಿ ಗಾಡಿಯನ್ನು ಗಂಜಾಮಿಗೆ ತಂದಿದ್ದ. ಸಿದ್ದರಾಮು ಹೆಡ್ಡು ಬಿಚ್ಚಿಟ್ಟು ಕೈ ಒರೆಸಲು ತಿರುಗಿದ್ದೇ ತಡ, ಜವರಯ್ಯ ಹೆಂಡತಿಯ ಉಗುರುಬಣ್ಣದ ಸೀಸೆ ತೆಗೆದು ಹೆಡ್ಡಿನ ಮೂಲೆಗೊಂದು ಚುಕ್ಕೆ ಇಟ್ಟ. ಆಮೇಲೆ ಕೋಳಿಮರಿ ಕಾಯುವವನಂತೆ ಎದುರಿಗೇ ಕುಕ್ಕರಗಾಲಲ್ಲಿ ಕೂತ.

ಹಳೆಯ ಸೀಟುಗಳನ್ನು ಕೊರೆದು ತೆಗೆದ ಸಿದ್ದರಾಮು, "ನಡೀರಣ್ಣ, ಬೇಕರಿಗೆ," ಎಂದ.

"ಬೇಕರಿಗೆ ಯಾಕ್ಲಾ?"

"ಹೆಡ್ಡು ಬೇಯ್ಸಕ್ಕೆ. ಬಿಸಿ ಆದ್ರೆ ತೂತು ಅಗಲ ಆಯ್ತದೆ. ಹೊಸ ಸೀಟು ಐಸಲ್ಲಿಟ್ರೆ ಸಣ್ಣ ಆಯ್ತದೆ. ಇಂಗ್ ಬುಟ್ರೆ ಅಂಗ್ ಕೂತ್ಕೊತದೆ. ಆಮ್ಯಾಕೆ ಯಾವನು ಎಳುದ್ರೂ ಬರಲ್ಲ."

ಇಷ್ಟು ಸಲೀಸಾಗಿ ವಿವರಿಸುವವನನ್ನು ನಂಬಬಾರದು ಎಂದು ಜವರಯ್ಯನಿಗೆ ಅನಿಸಿತು.

ಬೇಕರಿಯ ಕುಳ್ಳಮ್ಮ ಸೀಟುಗಳನ್ನು ಐಸ್‌ಕ್ರೀಮಿನ ನಡುವೆ ಹುದುಗಿಸಿ, ಹೆಡ್ಡನ್ನು ಬನ್ನುಗಳ ಪಕ್ಕದ ತಟ್ಟೆಯಲ್ಲಿಟ್ಟು ಒಲೆಯ ಬಾಗಿಲು ಮುಚ್ಚಿದಳು. ಮುಚ್ಚಿದ ಬಾಗಿಲು ಕಂಡದ್ದೇ ಜವರಯ್ಯನಿಗೆ ಹೊಳೆಯಿತು: ಹಿಂದುಗಡೆ ಇನ್ನೊಂದು ಬಾಗಿಲಿದ್ದರೆ? ಗೋಡೆ ಸುತ್ತಿ ಹೋಗಿ ನೋಡಿದ. ಒಂದು ಮೋರಿ, ಇವನನ್ನೇ ಅನುಮಾನದಿಂದ ನೋಡಿದ ಒಂದು ನಾಯಿ, ಅಷ್ಟೇ.

ಮರಳಿ ಬಂದಾಗ ಕುಳ್ಳಮ್ಮ, "ನಿನ್ನೇನೂ ಇಂಥದ್ದೇ ಒಂದು ಬೇಯ್ಸ್ಕೊಂಡು ಓದ್ರು. ಒಂದ್ ಕಣ್ಣು ಮಡಗಿರಪ್ಪ," ಎಂದಳು.

ಬಿಸಿ ಹೆಡ್ಡಿನೊಳಕ್ಕೆ ತಣ್ಣನೆಯ ಸೀಟುಗಳು ಟಕ್ಕೆಂದು ಕೂತವು. ಅಂಗಡಿಗೆ ತಂದು ಹೆಡ್ಡು ಆರಿದ ಮೇಲೆ ಜವರಯ್ಯ ತಿರುಗಿಸಿ ತಿರುಗಿಸಿ ನೋಡಿದ. ಚುಕ್ಕೆ ಇಲ್ಲ. ತಲೆಯೆತ್ತಿದರೆ ಬೆಂಚಿನ ಮೂಲೆಯಲ್ಲಿ ಇನ್ನೊಂದು ಹೆಡ್ಡು. ಹೊಳೆಯುವ ಹೊಸ ಸೀಟು, ಅದೇ ಜಾಗದಲ್ಲಿ ಕೆಂಪು ಚುಕ್ಕೆ.

"ಇದು ನಂದು," ಎಂದು ಅದನ್ನು ಎದೆಗವಚಿಕೊಂಡ.

"ಅಲ್ಲ ಕಣಣ್ಣ. ಅದು ರಾತ್ರಿ ಆರುವಾಗ ಬಿರುಕು ಬುಟ್ಟದೆ. ನಿಮ್ ಬಣ್ಣ ಒಲೇಲಿ ಸುಟ್ಟೋಗದೆ."

"ಅದೇ ಒಲೇಲಿ ಬೆಂದ ಬನ್ನಿನ ಟೂಟಿಫ್ರೂಟಿ ಕೆಂಪಗೇ ಅದೆ. ನನ್ ಚುಕ್ಕೆ ಮಾತ್ರ ಸುಟ್ಟೋಯ್ತಾ? ಸರಿ, ಇದು ಯಾರ್ದು ಯೋಳು."

"ಯೋಳ್ಬ್ಯಾಡ ಅಂದವ್ರೆ."

"ನೋಡ್ರಪ್ಪ, ಎಸ್ರೇ ಇಲ್ದಿರೋ ಗಿರಾಕಿ," ಎಂದು ಜವರಯ್ಯ ಬೀದಿಗೆ ಕೇಳುವಂತೆ ಹೇಳಿದ. ಪಕ್ಕದ ನಿಮಿಷಾಂಬ ಗುಡಿಯ ಮುಂದೆ ಹಣ್ಣುಕಾಯಿ ಮಾರುವವರೆಲ್ಲ ಬಂದು ಸುತ್ತ ನಿಂತರು. ಚುಕ್ಕೆ ಇಟ್ಟವನದೇ ಮಾಲು ಎಂದು ಎಲ್ಲರೂ ತೀರ್ಪು ಕೊಟ್ಟರು.

ಸಿದ್ದರಾಮು ಸ್ಪ್ಯಾನರ್ ಕೆಳಗಿಟ್ಟ. "ಆಣೆ ಮಾಡ್ಬುಡಿ. ಅದನ್ನೇ ಹಾಕ್ಕೊಡ್ತೀನಿ."

"ನಿಮಿಷಾಂಬ ತಾಯಾಣೆಗೂ ಇದು ನಂದು, ಅದು ನಂದಲ್ಲ."

ಮಧ್ಯಾಹ್ನದ ಹೊತ್ತಿಗೆ ಗಾಡಿ ಹೊರಟಿತು. ಪಾಂಡವಪುರದ ರೈಲ್ವೆ ಸ್ಟೇಷನ್ನಿನ ಹತ್ತಿರ ಬರುವಷ್ಟರಲ್ಲಿ ಬುಸ್ಸೆಂದು ಉಸಿರು ಬಿಟ್ಟು ನಿಂತಿತು. ಸಂಜೆಯವರೆಗೆ ಒದ್ದ. ಪಂಚೆ ಹರಿಯಿತು, ಗಾಡಿ ಮಾತಾಡಲಿಲ್ಲ.

ಅಷ್ಟರಲ್ಲಿ ದೂರದಿಂದ ಡುಗುಡುಗು ಬಂತು. ಜವರಯ್ಯನ ಮೈ ಜುಮ್ಮೆಂದಿತು. ಸಾಕ್ಷಾತ್ ಅಪ್ಪನ ಗಾಡಿಯ ಸದ್ದು. ಬಂದು ನಿಂತವನು ಚಿಕ್ಕಬೀರಯ್ಯ.

"ಕೇಳ್ಲಾ ಜವರ, ಎಂಥಾ ಸದ್ದು ಬಂದ್ಬುಡ್ತು ನನ್ ಗಾಡಿಗೆ. ನನ್ ಹೆಡ್ಡು ಬಿರುಕು ಬುಟ್ಟಿತ್ತು. ಊರಲ್ಲಿ ಆಡ್ಕೊತಾರೆ, ನನ್ ಎಸ್ರು ಎತ್ಬ್ಯಾಡ ಅಂತ ಸಿದ್ದರಾಮುಗೆ ಅಂದಿದ್ದೆ. ಇವತ್ ಯಾವನೋ ಪುಣ್ಯಾತ್ಮ ಆ ಬಿರುಕು ಬುಟ್ಟಿದ್ದೇ ನಂದು ಅಂತ ಆಣೆ ಮಾಡಿ ಎತ್ಕೊಂಡು, ಅವನ್ದು ಬುಟ್ಟೋದ್ನಂತೆ. ಅದ್ನೇ ನಂಗ್ ಹಾಕ್ಕೊಟ್ಟ."

"ಬೀರಣ್ಣ, ನಿನ್ ಹೆಡ್ಡಿಗೆ ಚುಕ್ಕೆ ಇಟ್ಟಿದ್ಯಾ?"

"ಇಟ್ಟಿದ್ದೆ, ಒಲೇಲಿ ಸುಟ್ಟೋಯ್ತು. ಈಚೆ ತಗ್ದ ಮ್ಯಾಕೆ ಇನ್ನೊಂದ್ ಇಟ್ಟೆ."

ಜವರಯ್ಯ ಬಾಯಿ ತೆರೆದ. ತನ್ನದಲ್ಲವೆಂದು ದೇವಿಯ ಹೆಸರೆತ್ತಿ ಆಣೆಯಿಟ್ಟದ್ದನ್ನು ಈಗ ತನ್ನದೆನ್ನುವಂತಿರಲಿಲ್ಲ. ಒಂದೇ ಮಾತು ಕೇಳಿದ: "ಆ ಪುಣ್ಯಾತ್ಮ ಯಾರಂತೆ?"

"ಯೋಳ್ನಿಲ್ಲ. ಯಾರ್ ಎಸ್ರೂ ಯಾರ್ಗೂ ಯೋಳಲ್ಲ ಅವ್ನು. ನಂಬಿಕಸ್ತ," ಎನ್ನುತ್ತ ಚಿಕ್ಕಬೀರಯ್ಯ ಹಗ್ಗ ತೆಗೆದು ಎರಡೂ ಬುಲೆಟ್ಟುಗಳಿಗೆ ಬಿಗಿದ. "ಹತ್ಲಾ, ಎಳ್ಕೊಂಡೋಯ್ತೀನಿ. ಈ ಹೆಡ್ಡಿಗೆ ನೀನೊಂದ್ ಭಾರವಾ?"

ಜವರಯ್ಯ ಹ್ಯಾಂಡಲ್ ಹಿಡಿದು ಕೂತ. ಅಪ್ಪನ ಹೆಡ್ಡು ಮುಂದಿನಿಂದ ಅವನನ್ನು ಮನೆಯ ಕಡೆಗೆ ಎಳೆಯತೊಡಗಿತು.